ದಿ ವಿಲೇಜಸ್, ಫ್ಲೋರಿಡಾ: ಕಾರ್ಟ್ ಓಡಿಸುವ ಕೈ ಗಟ್ಟಿ ಇರುವಷ್ಟು ದಿನ

ಅಮೆರಿಕದಲ್ಲಿ ನಿವೃತ್ತಿಯ ಮಾತು ಬಂದ ಕಡೆ ‘ದಿ ವಿಲೇಜಸ್’ ಹೆಸರು ಬಾರದೇ ಇರುವುದು ಅಪರೂಪ. ಫ್ಲೋರಿಡಾದ ನಡುಭಾಗದಲ್ಲಿ, ಬಹುಪಾಲು ಸಮ್ಟರ್ ಕೌಂಟಿಯಲ್ಲಿ, ಸ್ವಲ್ಪ ಲೇಕ್ ಮತ್ತು ಮೇರಿಯನ್ ಕೌಂಟಿಗಳಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಹರಡಿಕೊಂಡಿರುವ ಈ ಊರನ್ನು 55 ದಾಟಿದವರಿಗೆಂದೇ ಕಟ್ಟಲಾಗಿದೆ. ಎಲ್ಲರೂ ಮನೆ ನೋಡಲು ಹೋಗುತ್ತಾರೆ. ಆದರೆ ಮನೆಯ ಜೊತೆಗೆ ಆ ಕೌಂಟಿಯ ತೆರಿಗೆ, ಆಸ್ಪತ್ರೆ, ರಸ್ತೆ, ಚುನಾವಣೆ ಎಲ್ಲವನ್ನೂ ಕೊಂಡಂತೆಯೇ ಲೆಕ್ಕ. ಹಾಗಾಗಿ ಈ ವಿಮರ್ಶೆಯಲ್ಲಿ ಊರನ್ನೂ ಕೌಂಟಿಯನ್ನೂ ಬೇರೆ ಮಾಡಿಲ್ಲ. ಅಭಿಪ್ರಾಯ ಮೊದಲೇ ಹೇಳಿಬಿಡುವುದು ಒಳ್ಳೆಯದು: ನಿವೃತ್ತಿಯ ಮೊದಲ ಹತ್ತು ಹದಿನೈದು ವರ್ಷಕ್ಕೆ ಇಷ್ಟು ಅಚ್ಚುಕಟ್ಟಾದ ಜಾಗ ಸಿಗುವುದು ಕಷ್ಟ. ಆಮೇಲಿನ ವರ್ಷಗಳಿಗೆ ಇಲ್ಲಿನ ಏರ್ಪಾಡು ಸಾಲದು.

ಸಮ್ಟರ್ ಮೊದಲು ದನಕರುಗಳ ಹುಲ್ಲುಗಾವಲು, ಕಲ್ಲಂಗಡಿ ಹೊಲ, ಸುಣ್ಣಕಲ್ಲಿನ ಗಣಿಗಳ ಕೌಂಟಿ. ಆಡಳಿತ ಕೇಂದ್ರ ಬುಶ್‌ನೆಲ್. ವೈಲ್ಡ್‌ವುಡ್ ಹಳೆಯ ರೈಲ್ವೆ ಊರು. ಫ್ಲೋರಿಡಾ ಟರ್ನ್‌ಪೈಕ್ ಹೆದ್ದಾರಿ ಇಂಟರ್‌ಸ್ಟೇಟ್ 75ನ್ನು ಸೇರುವುದು ಅದರ ಬಳಿಯೇ. ಮಿಷಿಗನ್‌ನ ವ್ಯಾಪಾರಿ ಹೆರಾಲ್ಡ್ ಶ್ವಾರ್ಟ್ಸ್ 1960ರ ದಶಕದಲ್ಲಿ ಈ ಭಾಗದ ನಿವೇಶನಗಳನ್ನು ಅಂಚೆ ಮೂಲಕ ಮಾರುತ್ತಿದ್ದರು. 1968ರ ಫೆಡರಲ್ ಕಾನೂನು ಆ ವ್ಯಾಪಾರದ ದಾರಿ ಮುಚ್ಚಿದ ಮೇಲೆ ಉಳಿದ ಜಮೀನಿನಲ್ಲಿ ಆರೆಂಜ್ ಬ್ಲಾಸಮ್ ಗಾರ್ಡನ್ಸ್ ಎಂಬ ಮೊಬೈಲ್ ಹೋಮ್ (ಸಾಗಿಸಬಹುದಾದ ಸಿದ್ಧ ಮನೆ) ಬಡಾವಣೆ ಮಾಡಿದರು. ಅದು ಕುಂಟುತ್ತಾ ಸಾಗಿತ್ತು. 1980ರ ದಶಕದಲ್ಲಿ ಮಗ ಗ್ಯಾರಿ ಮೋರ್ಸ್ ಸೇರಿಕೊಂಡು ಗಾಲ್ಫ್ ಮೈದಾನ, ಈಜುಕೊಳ, ಕ್ಲಬ್‌ಗಳನ್ನು ಮುಂದಿಟ್ಟು ಮಾರತೊಡಗಿದ ಮೇಲೆ ವ್ಯಾಪಾರ ಕುದುರಿತು. 1992ರಲ್ಲಿ ಈಗಿನ ಹೆಸರು ಬಂತು. ಕೌಂಟಿಯ ಜನಸಂಖ್ಯೆ 2000ದಲ್ಲಿ 53,345, 2010ರಲ್ಲಿ 93,420, 2020ರಲ್ಲಿ 1,29,752. ಆ ಕೊನೆಯ ದಶಕದಲ್ಲಿ ಇಡೀ ಅಮೆರಿಕದ ಮಹಾನಗರ ಪ್ರದೇಶಗಳಲ್ಲೇ ಅತಿ ವೇಗವಾಗಿ ಬೆಳೆದದ್ದು ಇದು. ಕೌಂಟಿಯ ಅರ್ಧಕ್ಕಿಂತ ಹೆಚ್ಚು ಜನ 65 ದಾಟಿದವರು.

ದಿನನಿತ್ಯದ ಸೇವೆಗೆ ಒಳ್ಳೆಯ ಅಂಕ ಕೊಡಲೇಬೇಕು. ಸ್ಪ್ಯಾನಿಶ್ ಸ್ಪ್ರಿಂಗ್ಸ್, ಲೇಕ್ ಸಮ್ಟರ್ ಲ್ಯಾಂಡಿಂಗ್, ಬ್ರೌನ್‌ವುಡ್ ಚೌಕಗಳಲ್ಲಿ ಸಂಜೆ ಹಾಡು, ಕುಣಿತ ಇರುತ್ತದೆ, ಟಿಕೆಟ್ ಇಲ್ಲ. ಐವತ್ತಕ್ಕೂ ಹೆಚ್ಚು ಗಾಲ್ಫ್ ಮೈದಾನಗಳಿವೆ. ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಜನಕ್ಕಿದೆ. ‘ಉಚಿತ ಗಾಲ್ಫ್’ ಎನ್ನುವುದು ಎಕ್ಸಿಕ್ಯುಟಿವ್ ಎನ್ನುವ ಚಿಕ್ಕ ಮೈದಾನಗಳಿಗಷ್ಟೇ, ಅದೂ ನಡೆದು ಆಡಿದರೆ. ಸ್ವಂತ ಗಾಲ್ಫ್ ಕಾರ್ಟ್, ಅಂದರೆ ಗಾಲ್ಫ್ ಆಡುವವರ ಚಿಕ್ಕ ಗಾಡಿ, ಮೈದಾನಕ್ಕೆ ಇಳಿಸಿದರೆ ಟ್ರೇಲ್ ಫೀ ಕೊಡಬೇಕು. ಚಾಂಪಿಯನ್‌ಶಿಪ್ ಮೈದಾನಗಳಿಗೆ ಪ್ರತಿ ಆಟಕ್ಕೂ ಶುಲ್ಕ. ಜನವರಿಯಿಂದ ಮಾರ್ಚ್‌ವರೆಗೆ ಉತ್ತರದ ಚಳಿ ತಪ್ಪಿಸಿಕೊಂಡು ಬರುವವರು ತುಂಬಿಕೊಳ್ಳುವುದರಿಂದ ಬೇಕಾದ ಹೊತ್ತಿಗೆ ಆಟದ ಸರದಿ ಸಿಗುವುದು ಕಷ್ಟ. ಹೋಟೆಲುಗಳಲ್ಲೂ ಅದೇ ಪಾಡು. ಆಗಸ್ಟ್‌ನಲ್ಲಿ ಎಲ್ಲವೂ ಖಾಲಿ, ಆದರೆ ಮಧ್ಯಾಹ್ನ ಹೊರಗೆ ಕಾಲಿಡಲಾಗದ ಸೆಕೆ, ದಿನಾ ಗುಡುಗು ಮಳೆ. ಕೆಲವು ದಿನ ಬಾಡಿಗೆಗೆ ಇದ್ದು ನೋಡುವ ಏರ್ಪಾಡು ಇದೆ. ಎರಡು ಸಲ ಹೋಗಿ, ಒಮ್ಮೆ ಫೆಬ್ರವರಿಯಲ್ಲಿ, ಒಮ್ಮೆ ಆಗಸ್ಟ್‌ನಲ್ಲಿ. ಒಂದೇ ಸಲ ಹೋಗುವುದಾದರೆ ಆಗಸ್ಟ್ ಆರಿಸಿಕೊಳ್ಳಿ.

ಮೊಮ್ಮಕ್ಕಳ ವಿಷಯ ಮನೆಯವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. 19 ವರ್ಷದೊಳಗಿನವರು ವರ್ಷಕ್ಕೆ 30 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಬೇಸಿಗೆ ರಜೆ ಪೂರ್ತಿ ಮೊಮ್ಮಕ್ಕಳನ್ನು ಇಟ್ಟುಕೊಳ್ಳುವ ಅಜ್ಜ ಅಜ್ಜಿಗೆ ಈ ಒಂದು ನಿಯಮವೇ ಸಾಕು, ಬೇರೆ ಊರು ಹುಡುಕಲು.

ಗಾಲ್ಫ್ ಕಾರ್ಟ್ ಇಲ್ಲಿ ಆಟದ ಗಾಡಿಯಲ್ಲ, ಮನೆಯ ಎರಡನೇ ವಾಹನ. ಎಷ್ಟೋ ಮನೆಗಳಲ್ಲಿ ಮೊದಲನೆಯದು. ಹೆದ್ದಾರಿ ದಾಟಲು ಸೇತುವೆ, ಸುರಂಗಗಳಿವೆ. ಅಂಗಡಿ, ಬ್ಯಾಂಕು, ವೈದ್ಯರ ಬಳಿಗೆ ಕಾರ್ಟ್‌ನಲ್ಲೇ ಹೋಗಿಬರಬಹುದು. ಕೊಳ್ಳುವಾಗ ಕಾನೂನಿನ ಒಂದು ಗೆರೆ ಗೊತ್ತಿರಲಿ. ಫ್ಲೋರಿಡಾದಲ್ಲಿ ಗಂಟೆಗೆ 20 ಮೈಲಿ ದಾಟದ್ದು ಗಾಲ್ಫ್ ಕಾರ್ಟ್. 20ರಿಂದ 25ರವರೆಗೆ ಓಡುವುದು ಲೋ ಸ್ಪೀಡ್ ವೆಹಿಕಲ್. ಎರಡನೆಯದಕ್ಕೆ ನೋಂದಣಿ, ನಂಬರ್ ಪ್ಲೇಟು, ವಿಮೆ, ಸೀಟ್ ಬೆಲ್ಟ್ ಕಡ್ಡಾಯ. ಸೆಕೆಂಡ್ ಹ್ಯಾಂಡ್ ಕಾರ್ಟ್‌ಗಳಲ್ಲಿ ವೇಗದ ಮಿತಿ ಬಿಚ್ಚಿಸಿದವು ಸಿಗುತ್ತವೆ. ಅಂಥದ್ದನ್ನು ನೋಂದಣಿಯಿಲ್ಲದೆ ಓಡಿಸಿ ಅಪಘಾತವಾದರೆ ಹೊರೆಯೆಲ್ಲ ನಿಮ್ಮ ತಲೆಗೆ. ಸಾಮಾನ್ಯ ಕಾರ್ಟ್‌ಗೆ ವಿಮೆ ಇರಲೇಬೇಕೆಂದು ರಾಜ್ಯದ ಕಾನೂನು ಕೇಳುವುದಿಲ್ಲ, ಆದರೂ ಮಾಡಿಸಿ. ಕಾರಿನ ವಿಮೆಯಲ್ಲಿ ಇದು ಸಾಮಾನ್ಯವಾಗಿ ಸೇರಿರುವುದಿಲ್ಲ. ಹೆಚ್ಚಿನ ಕಾರ್ಟ್‌ಗಳಿಗೆ ಬ್ರೇಕು ಹಿಂದಿನ ಚಕ್ರಕ್ಕೆ ಮಾತ್ರ. ಇಳಿಜಾರಿನಲ್ಲಿ ಗಟ್ಟಿಯಾಗಿ ಒತ್ತಿದರೆ ಹಿಂಭಾಗ ಪಕ್ಕಕ್ಕೆ ತಿರುಗಿ ಗಾಡಿ ಮಗುಚುತ್ತದೆ. ವೇಗದಲ್ಲಿ ಎಡಕ್ಕೆ ತಿರುಗಿಸಿದರೆ ಬಲಗಡೆ ಕೂತವರು ಹೊರಗೆ ಎಸೆಯಲ್ಪಡುತ್ತಾರೆ. ಚಾಲಕರಿಗೆ ಹಿಡಿಯಲು ಸ್ಟೀರಿಂಗ್ ಇದೆ, ಪಕ್ಕದವರಿಗೆ ಸೀಟಿನ ಅಂಚಿನ ಹಿಡಿಕೆ ಬಿಟ್ಟರೆ ಹೆಚ್ಚೇನೂ ಇಲ್ಲ. ಸೀಟ್ ಬೆಲ್ಟ್ ಹಾಕಿಸಲು ಖರ್ಚು ಅಷ್ಟೇನೂ ಆಗದು, ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ಓಡಾಡುವುದು ಅನುಮಾನ. ಬ್ಯಾಟರಿ ಕಾರ್ಟ್ ಆದರೆ ಲೆಡ್ ಆಸಿಡ್ ಬ್ಯಾಟರಿಗಳಿಗೆ ಡಿಸ್ಟಿಲ್ಡ್ ನೀರು ತಪ್ಪದೆ ಹಾಕುತ್ತಿರಬೇಕು. ಫ್ಲೋರಿಡಾದ ಬಿಸಿಗೆ ನೀರು ಬೇಗ ಆರಿ ಪ್ಲೇಟುಗಳು ಬಯಲಾಗುತ್ತವೆ, ಅಲ್ಲಿಗೆ ಬ್ಯಾಟರಿ ಕೆಟ್ಟಂತೆ. ಬಗ್ಗಲು ಆಗದವರು ಲಿಥಿಯಂ ತೆಗೆದುಕೊಳ್ಳುವುದೇ ಸರಿ.

ಇನ್ನು ಹಣದ ವಿಷಯ. ಇಲ್ಲಿ ನಿಧಾನವಾಗಿ ಓದಿ, ಏಕೆಂದರೆ ಜಾಹೀರಾತಿನ ಬೆಲೆಯಲ್ಲಿ ಕಾಣದ ಮೂರು ಬಾಬ್ತುಗಳಿವೆ.

ಮೊದಲನೆಯದು ಈಜುಕೊಳ, ಕ್ಲಬ್‌ನಂಥ ಸೌಲಭ್ಯಗಳಿಗೆ ತಿಂಗಳ ಅಮೆನಿಟಿ ಫೀ, ಈಗ 200 ಡಾಲರಿನ ಆಸುಪಾಸು. ಬೆಲೆಯೇರಿಕೆ ಸೂಚ್ಯಂಕದ ಜೊತೆ ಏರುತ್ತದೆ. ಹಳೆಯ ಮನೆ ಕೊಳ್ಳುವವರು ಮಾರುವವರ ಬಿಲ್ಲನ್ನು ನಂಬಿ ಕೂರಬಾರದು. ಮನೆ ಕೈ ಬದಲಾದಾಗ ನಿಮಗೆ ಯಾವ ದರ ಬೀಳುತ್ತದೆ ಎಂದು ಬರಹದಲ್ಲಿ ಕೇಳಿ.

ಎರಡನೆಯದು ಬಾಂಡ್. ಹೊಸಬರು ಎಡವುವುದು ಇಲ್ಲೇ. ರಸ್ತೆ, ಚರಂಡಿ, ನೀರಿನ ಕೊಳವೆ ಹಾಕಲು ಕಮ್ಯುನಿಟಿ ಡೆವಲಪ್‌ಮೆಂಟ್ ಡಿಸ್ಟ್ರಿಕ್ಟ್ ಎಂಬ ಸ್ಥಳೀಯ ಸಂಸ್ಥೆ ಸಾಲ ಎತ್ತಿ ಅದನ್ನು ನಿವೇಶನಗಳ ಮೇಲೆ ಹಂಚುತ್ತದೆ. ಇದಕ್ಕೆ ದಾರಿ ಮಾಡಿಕೊಟ್ಟದ್ದು 1980ರ ರಾಜ್ಯ ಕಾನೂನು. ಮನೆಯ ಮಾದರಿ, ಬಡಾವಣೆಗೆ ತಕ್ಕಂತೆ ಇದು ಹತ್ತಾರು ಸಾವಿರ ಡಾಲರ್ ಆಗಬಹುದು. ಮನೆಯ ಬೆಲೆಗೆ ಸೇರಿಲ್ಲ, ಬ್ಯಾಂಕ್ ಸಾಲಕ್ಕೂ ಸೇರಿಲ್ಲ. ಲೆಕ್ಕಕ್ಕೆ 30,000 ಡಾಲರ್ ಬಾಂಡ್, ಶೇ. 5 ಬಡ್ಡಿ, 30 ವರ್ಷ ಎಂದುಕೊಳ್ಳಿ: ವರ್ಷಕ್ಕೆ ಸುಮಾರು 1,950 ಡಾಲರ್, ಕೊನೆಗೆ ಕಟ್ಟಿದ್ದು 58,500. ಕೈಯಲ್ಲಿ ಹಣವಿದ್ದರೆ ಒಟ್ಟಿಗೆ ತೀರಿಸಬಹುದು. ಮರುಮಾರಾಟದ ಮನೆಗೆ ಬಾಂಡ್ ಬಾಕಿ ಎಷ್ಟು ಎಂಬುದೇ ಮೊದಲ ಪ್ರಶ್ನೆಯಾಗಲಿ. ಉತ್ತರ ಭಾಗದ ಹಳೆಯ ಮನೆಗಳಲ್ಲಿ ಬಾಂಡ್ ತೀರಿರುವುದುಂಟು, ಅವುಗಳಲ್ಲಿ ಚಾವಣಿ ಮತ್ತು ಎಸಿಯ ವಯಸ್ಸು ನೋಡಬೇಕು. ಹದಿನೈದು ವರ್ಷ ದಾಟಿದ ಶಿಂಗಲ್ (ತೆಳು ಹಾಳೆಗಳನ್ನು ಹೊದಿಸಿದ) ಚಾವಣಿಗೆ ವಿಮೆ ಕಂಪನಿಗಳು ತಕರಾರು ತೆಗೆಯುತ್ತವೆ.

ಮೂರನೆಯದು ಅದೇ ಡಿಸ್ಟ್ರಿಕ್ಟ್‌ನ ವಾರ್ಷಿಕ ಮೇಂಟೆನೆನ್ಸ್ ಅಸೆಸ್‌ಮೆಂಟ್. ಇದು ತೀರುವ ಮಾತೇ ಇಲ್ಲ. ಇದೂ ಬಾಂಡ್ ಕಂತೂ ಆಸ್ತಿ ತೆರಿಗೆಯ ಬಿಲ್ಲಿನಲ್ಲೇ ಬರುತ್ತವೆ, ಆದರೆ ಹೋಮ್‌ಸ್ಟೆಡ್ ವಿನಾಯಿತಿ, ಅಂದರೆ ತಾವೇ ವಾಸಿಸುವ ಮನೆಗೆ ಸಿಗುವ ಆಸ್ತಿ ತೆರಿಗೆ ರಿಯಾಯಿತಿ, ಇವೆರಡಕ್ಕೂ ತಾಗುವುದಿಲ್ಲ.

ಹೋಮ್‌ಸ್ಟೆಡ್ ಬೇಕಾದರೆ ಜನವರಿ 1ಕ್ಕೆ ಆ ಮನೆ ನಿಮ್ಮ ಕಾಯಂ ವಾಸವಾಗಿರಬೇಕು, ಮಾರ್ಚ್ 1ರೊಳಗೆ ಅರ್ಜಿ ಹಾಕಬೇಕು. ಅದಾದ ಮೇಲೆ ತೆರಿಗೆಗೆ ಹಿಡಿಯುವ ಮೌಲ್ಯ ವರ್ಷಕ್ಕೆ ಶೇ. 3ಕ್ಕಿಂತ ಹೆಚ್ಚು ಏರುವಂತಿಲ್ಲ. ಇದರ ಇನ್ನೊಂದು ಮಗ್ಗುಲು: ಹದಿನೈದು ವರ್ಷ ಇದ್ದವರ ತೆರಿಗೆ ಬಿಲ್ಲು ಬಹಳ ಕಡಿಮೆ ಇರುತ್ತದೆ, ಮಾರಾಟವಾದ ಮರುವರ್ಷ ಅದೇ ಮನೆಗೆ ಮಾರುಕಟ್ಟೆ ಮೌಲ್ಯದ ಮೇಲೆ ಹೊಸ ಬಿಲ್ಲು ಬರುತ್ತದೆ. ಮಾರುವವರ ಬಿಲ್ಲು ತೋರಿಸಿ ‘ತೆರಿಗೆ ಇಷ್ಟೇ’ ಎಂದರೆ ಒಪ್ಪಬೇಡಿ. ಬಿಲ್ಲು ನವೆಂಬರ್‌ನಲ್ಲಿ ಬರುತ್ತದೆ. ಆ ತಿಂಗಳೇ ಕಟ್ಟಿದರೆ ಶೇ. 4 ರಿಯಾಯಿತಿ, ಆಮೇಲೆ ತಿಂಗಳಿಗೆ ಒಂದರಂತೆ ಇಳಿಯುತ್ತದೆ.

ಡಿಸ್ಟ್ರಿಕ್ಟ್ ಆಡಳಿತದ ಬಗ್ಗೆ ಒಂದು ಮಾತು. ಶುರುವಿನಲ್ಲಿ ಮಂಡಳಿಯ ಐದು ಜನರನ್ನು ಆರಿಸುವುದು ಜಮೀನಿನ ಮಾಲೀಕರು, ಎಕರೆಗೊಂದು ಮತ. ಅಂದರೆ ಊರು ಕಟ್ಟುವ ಕಂಪನಿಯೇ. ಆರು ವರ್ಷ ಕಳೆದು 250 ಮತದಾರರು ಸೇರಿದ ಮೇಲೆ ನಿವಾಸಿಗಳ ಮತಕ್ಕೆ ಬೆಲೆ. ವಾಣಿಜ್ಯ ಪ್ರದೇಶದ ಡಿಸ್ಟ್ರಿಕ್ಟ್‌ಗಳಲ್ಲಿ ವಾಸಿಸುವವರೇ ಇಲ್ಲದ್ದರಿಂದ ಆ ಹಂತ ಬರುವುದೇ ಇಲ್ಲ. ಕೌಂಟಿಯ ಮಟ್ಟದಲ್ಲಿ ಚಿತ್ರ ಬೇರೆ. 2019ರಲ್ಲಿ ಸಮ್ಟರ್ ಕೌಂಟಿಯ ಚುನಾಯಿತ ಆಯೋಗ ಆಸ್ತಿ ತೆರಿಗೆಯನ್ನು ಸುಮಾರು ಶೇ. 25ರಷ್ಟು ಏರಿಸಿತು. ದಕ್ಷಿಣದ ಹೊಸ ಬಡಾವಣೆಗಳ ರಸ್ತೆಗೆ ಹಳೆಯ ನಿವಾಸಿಗಳು ಏಕೆ ದುಡ್ಡು ಕೊಡಬೇಕು ಎಂದು ಜನ ಸಿಟ್ಟಾದರು. 2020ರಲ್ಲಿ ಮೂವರು ಆಯುಕ್ತರು ಸೋತರು. ಗೆದ್ದವರು ಹೊಸ ಮನೆ, ಬಡಾವಣೆ ನಿರ್ಮಿಸುವವರ ಮೇಲಿನ ಶುಲ್ಕ ಹೆಚ್ಚಿಸಹೊರಟಾಗ, 2021ರಲ್ಲಿ ರಾಜ್ಯ ಶಾಸಕಾಂಗ ಇಂಥ ಶುಲ್ಕದ ಏರಿಕೆಗೆ ಮಿತಿ ಹಾಕಿತು. ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ: ಊರು ಇನ್ನೂ ದಕ್ಷಿಣಕ್ಕೆ ಬೆಳೆಯುತ್ತಲೇ ಇದೆ, ಆ ಬೆಳವಣಿಗೆಯ ಖರ್ಚು ಯಾರದ್ದು ಎಂಬ ಪ್ರಶ್ನೆ ನಿಮ್ಮ ಬಿಲ್ಲಿಗೂ ಬರುತ್ತದೆ.

ನೆಲದ ಗುಣವೂ ಗೊತ್ತಿರಲಿ. ಕೆಳಗಿರುವುದು ಸುಣ್ಣಕಲ್ಲು, ನೀರಿಗೆ ಕರಗಿ ಒಳಗೆ ಪೊಳ್ಳಾಗಿ, ಒಮ್ಮೊಮ್ಮೆ ಮೇಲಿನ ಮಣ್ಣು ಕುಸಿಯುತ್ತದೆ. ಒಣಗಿದ ತಿಂಗಳುಗಳ ನಂತರ ಜೋರು ಮಳೆ ಬಂದಾಗ ಅಪಾಯ ಹೆಚ್ಚು. ಫ್ಲೋರಿಡಾದ ಮನೆ ವಿಮೆಯಲ್ಲಿ ‘ಕ್ಯಾಟಸ್ಟ್ರಾಫಿಕ್ ಗ್ರೌಂಡ್ ಕವರ್ ಕೊಲ್ಯಾಪ್ಸ್’ ಸೇರಿರುತ್ತದೆ. ಅದು ಮನೆ ವಾಸಕ್ಕೆ ಯೋಗ್ಯವಲ್ಲ ಎನ್ನುವ ಮಟ್ಟದ ಕುಸಿತಕ್ಕೆ ಮಾತ್ರ. ಗೋಡೆ ಬಿರುಕು, ನೆಲ ಇಳಿತಕ್ಕೆ ಸಿಂಕ್‌ಹೋಲ್ (ಇಂಥ ಕುಸಿತದ ಗುಂಡಿ) ವಿಮೆ ಪ್ರತ್ಯೇಕ. ಹಿಂದೆ ಸಿಂಕ್‌ಹೋಲ್ ಪರಿಹಾರ ಪಡೆದ ಮನೆಯಾದರೆ ಮಾರುವವರು ಅದನ್ನು ತಿಳಿಸಬೇಕೆಂದು ಕಾನೂನಿದೆ. ಅವರಾಗಿ ಹೇಳಲಿ ಎಂದು ಕಾಯದೆ ಕೇಳಿ.

ಮನೆ ಹುಡುಕುವಾಗ ಊರು ಕಟ್ಟುವ ಕಂಪನಿಯ ಏಜೆಂಟ್ ತಮ್ಮ ಪಟ್ಟಿಯ ಮನೆಗಳನ್ನಷ್ಟೇ ತೋರಿಸುತ್ತಾರೆ, ಹೊರಗಿನ ಏಜೆಂಟರ ಪಟ್ಟಿ ಬೇರೆ. ಇಬ್ಬರನ್ನೂ ಕಾಣದೆ ಬೆಲೆ ಹೋಲಿಸಲಾಗದು.

ಗೇಟಿನಾಚೆಯ ಸಮ್ಟರ್‌ಗೆ ಒಂದು ದಿನ ಕೊಡಿ. ಸೋಮವಾರ ವೆಬ್‌ಸ್ಟರ್ ಸಂತೆಗೆ ಹೋದರೆ ಹಳೆಯ ಕೌಂಟಿ ಹೇಗಿತ್ತು ಎಂದು ಕಾಣುತ್ತದೆ; 1937ರಲ್ಲಿ ರೈತರು ಶುರುಮಾಡಿದ ಮಾರುಕಟ್ಟೆ ಅದು. ನಿಮ್ಮ ಹುಲ್ಲು ಕತ್ತರಿಸುವವರು, ಹೋಟೆಲಿನಲ್ಲಿ ಬಡಿಸುವವರು, ದಾದಿಯರು ಬರುವುದು ಇಂಥ ಊರುಗಳಿಂದ, ಲೀಸ್‌ಬರ್ಗ್, ಒಕಾಲಾಗಳಿಂದ. ದುಡಿಯುವ ವಯಸ್ಸಿನವರು ಕಡಿಮೆ, ಅವರ ಕೈಗೆಟುಕುವ ಮನೆಗಳು ಇನ್ನೂ ಕಡಿಮೆ. ಕೆಲಸಗಾರರ ಕುಟುಂಬಗಳಿಗಾಗಿ ಮಿಡಲ್ಟನ್ ಎಂಬ ಬಡಾವಣೆ, ಶಾಲೆ ಕಟ್ಟುತ್ತಿರುವುದು ಒಳ್ಳೆಯ ಹೆಜ್ಜೆ. ಆದರೂ ಲಕ್ಷ ದಾಟಿದ ವೃದ್ಧರಿಗೆ ಅಷ್ಟು ಕೈಗಳು ಸಾಲುವುದಿಲ್ಲ.

ಇದು ನೇರವಾಗಿ ತಟ್ಟುವುದು ಆರೋಗ್ಯ ಸೇವೆಗೆ. ಇಲ್ಲಿ 2002ರಿಂದ ಆಸ್ಪತ್ರೆ ಇದೆ. ತಜ್ಞರ ಭೇಟಿಗೆ ಚಳಿಗಾಲದಲ್ಲಿ ಬಹಳ ಕಾಯಬೇಕಾಗುತ್ತದೆ. ಸಾವಿರಾರು ಜನ ನೆಚ್ಚಿಕೊಂಡಿದ್ದ ಪ್ರಾಥಮಿಕ ಚಿಕಿತ್ಸಾ ಜಾಲ ‘ದಿ ವಿಲೇಜಸ್ ಹೆಲ್ತ್’ 2025ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತು. ಹಾಗಾಗಿ ಮೆಡಿಕೇರ್ (ವೃದ್ಧರಿಗೆ ಸರ್ಕಾರದ ಆರೋಗ್ಯ ವಿಮೆ) ಸೌಲಭ್ಯವನ್ನು ಖಾಸಗಿ ವಿಮೆ ಕಂಪನಿ ಮೂಲಕ ಕೊಡುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆ ಆರಿಸುವ ಮೊದಲು ನಿಮ್ಮ ವೈದ್ಯರು ಯಾವ ಜಾಲದಲ್ಲಿದ್ದಾರೆ ಎಂದು ಪ್ರತಿ ವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರ ನಡುವೆ ಮತ್ತೆ ನೋಡಿ. 55ಕ್ಕೇ ಬರುವವರು ಮೆಡಿಕೇರ್ ಶುರುವಾಗುವ 65ರವರೆಗಿನ ಹತ್ತು ವರ್ಷದ ವಿಮೆಯನ್ನು ಸ್ವಂತ ಹಣದಲ್ಲಿ ಲೆಕ್ಕ ಹಾಕಿಕೊಳ್ಳಬೇಕು. ಸ್ನಾನ ಮಾಡಿಸುವ, ಊಟ ಕೊಡುವ ದೀರ್ಘಕಾಲದ ಆರೈಕೆಗೆ ಮೆಡಿಕೇರ್ ಹಣ ಕೊಡುವುದಿಲ್ಲ.

ಮನೆ ನೋಡಲು ಹೋದ ದಿನ ಈ ಒಂದು ಪರೀಕ್ಷೆ ಮಾಡಿ. ಕಾರ್ಟ್ ಕೀಲಿಯನ್ನು ಪಕ್ಕಕ್ಕಿಟ್ಟು, ಆ ಮನೆಯಿಂದ ಔಷಧದಂಗಡಿಗೆ, ದಿನಸಿ ಅಂಗಡಿಗೆ, ವೈದ್ಯರ ಬಳಿಗೆ ಗಾಡಿ ಓಡಿಸದೆ ಹೇಗೆ ಹೋಗುವುದು ಎಂದು ಹುಡುಕಿ. ಕೌಂಟಿಯ ವ್ಯಾನು ಆ ಬೀದಿಗೆ ಬರುತ್ತದೆಯೇ, ಎಷ್ಟು ದಿನ ಮುಂಚೆ ಹೇಳಬೇಕು, ಮನೆಗೆ ಬಂದು ನೋಡಿಕೊಳ್ಳುವವರ ಗಂಟೆಯ ದರ ಎಷ್ಟು, ಅವರು ಸಿಗಲು ಎಷ್ಟು ವಾರ ಕಾಯಬೇಕು ಎಂದು ಫೋನ್ ಮಾಡಿ ಕೇಳಿ, ಉತ್ತರಗಳನ್ನು ಬರೆದಿಟ್ಟುಕೊಂಡು ಆಮೇಲೆ ಮುಂಗಡ ಕೊಡಿ.