ದೊಡ್ಡ ಫ್ರೇಮಿನ ಸ್ಟೀಲ್ ಟೂರಿಂಗ್ ಸೈಕಲ್: ಇಳಿಜಾರಿನಲ್ಲಿ ಹ್ಯಾಂಡಲ್ ನಡುಗುವ ವಿಷಯ

ಈ ಸೈಕಲ್ ಕೊಂಡು ಎರಡು ಮಳೆಗಾಲ ದಾಟಿದೆ. ಬೆಂಗಳೂರಿನ ಹೊಂಡದ ರಸ್ತೆಗೆ ಇದಕ್ಕಿಂತ ಆರಾಮದ ಸೈಕಲ್ ನಾನು ಓಡಿಸಿಲ್ಲ. ಗೇರು, ಚೈನು, ಬ್ರೇಕು ಯಾವುದೂ ತಕರಾರು ಮಾಡಿಲ್ಲ. ಆದರೆ ಕೊಳ್ಳುವ ಮುಂಚೆ ಒಂದು ವಿಷಯ ಗೊತ್ತಿರಲೇಬೇಕು. ಗಂಟೆಗೆ 45 ಕಿ.ಮೀ. ದಾಟಿದರೆ ನನ್ನ ಸೈಕಲ್ಲಿನ ಹ್ಯಾಂಡಲ್ ನಡುಗುತ್ತಿತ್ತು.

ನಂದಿ ಬೆಟ್ಟ ಇಳಿಯುವಾಗ ತಿರುವುಗಳ ನಡುವಿನ ನೇರ ರಸ್ತೆಯಲ್ಲೇ ಇದು ಶುರುವಾಗುತ್ತಿತ್ತು. ನೋಡನೋಡುತ್ತಲೇ ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳುತ್ತದೆ. ಭಯಕ್ಕೆ ಹ್ಯಾಂಡಲ್ ಬಿಗಿಯಾಗಿ ಹಿಡಿದರೆ ನಡುಕ ಇನ್ನೂ ಜಾಸ್ತಿ. ಫ್ರೇಮಿನ ಮೇಲಿನ ಪೈಪನ್ನು ಮಂಡಿಗಳಿಂದ ಒತ್ತಿ ಹಿಡಿಯಿರಿ. ಸೀಟಿನಿಂದ ಚೂರು ಮೇಲೆದ್ದು ಭಾರವನ್ನು ಪೆಡಲಿಗೆ ಕೊಡಿ, ಕೈ ಸಡಿಲ ಬಿಡಿ, ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿ. ನನಗೆ ಪ್ರತಿ ಸಲವೂ ಕೈಹಿಡಿದದ್ದು ಮಂಡಿಯ ಉಪಾಯವೇ.

"ಫ್ರೇಮೇ ಸರಿಯಿಲ್ಲ, ಮಾರಿಬಿಡಿ ಸಾರ್" ಎಂದರು ಒಬ್ಬ ಮೆಕ್ಯಾನಿಕ್. ಅಷ್ಟು ಬೇಗ ತೀರ್ಮಾನ ಬೇಡ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ, ಹೆಡ್‌ಸೆಟ್ (ಹ್ಯಾಂಡಲ್ ತಿರುಗಲು ಫ್ರೇಮಿನ ಮುಂಭಾಗದಲ್ಲಿರುವ ಬೇರಿಂಗ್) ಮೇಲೆ ಬೆರಳಿಟ್ಟು ನೋಡಿ. ಟಕ್ ಟಕ್ ಅಂದರೆ ಅಲ್ಲಿ ಪ್ಲೇ, ಅಂದರೆ ಸಡಿಲ, ಇದೆ. ಹ್ಯಾಂಡಲ್ ಹಿಡಿದಿರುವ ತುಂಡು, ಅಂದರೆ ಸ್ಟೆಮ್ಮಿನ ಪಕ್ಕದ ಬೋಲ್ಟ್ ಸಡಿಲಿಸಿ, ಮೇಲಿನ ಕ್ಯಾಪ್ ಹದವಾಗಿ ಬಿಗಿದು, ಮತ್ತೆ ಪಕ್ಕದ್ದನ್ನು ಬಿಗಿಯಬೇಕು. ಈ ಕ್ರಮ ತಪ್ಪಿದರೆ ಪ್ರಯೋಜನವಿಲ್ಲ. ಚಕ್ರದ ನಡುವಿನ ಹಬ್ಬಿನ ಬೇರಿಂಗ್, ರಿಮ್ಮಿನ ಬೆಂಡು, ಟೈರಿನ ಗಾಳಿಯನ್ನೂ ನೋಡಿ.

ನನ್ನದರಲ್ಲಿ ಹೆಡ್‌ಸೆಟ್ ಬಿಗಿದ ಮೇಲೆ ನಡುಕ ತಗ್ಗಿತು, ಹೋಗಲಿಲ್ಲ. ನಿಜವಾದ ವ್ಯತ್ಯಾಸ ಕಂಡದ್ದು ಹ್ಯಾಂಡಲ್ಲಿಗೆ ಕಟ್ಟಿದ್ದ ಬ್ಯಾಗ್ ತೆಗೆದಾಗ. ಈಗ 55 ದಾಟುವವರೆಗೂ ಸದ್ದಿಲ್ಲ.

ಕಾರಣ ಇಷ್ಟೇ. ಯಾವ ಫ್ರೇಮಾದರೂ ಸ್ವಲ್ಪ ತಿರುಚಿಕೊಳ್ಳುತ್ತದೆ, ಸೆಕೆಂಡಿಗೆ ಇಂತಿಷ್ಟು ಸಲ ಓಲಾಡುವ ಗುಣ ಅದಕ್ಕಿರುತ್ತದೆ. 700ಸಿ ಎಂಬ ಅಳತೆಯ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. 50 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಆರೇಳು ಸುತ್ತು ಹೊಡೆಯುತ್ತದೆ. ಚಕ್ರದ ಸಣ್ಣ ದೋಷವೂ ಅದೇ ಲಯದಲ್ಲಿ ತಳ್ಳಿದರೆ ಓಲಾಟ ಬೆಳೆಯುತ್ತಲೇ ಹೋಗುತ್ತದೆ. ದಪ್ಪವಿಲ್ಲದ ಪೈಪಿನ ದೊಡ್ಡ ಫ್ರೇಮಿಗೆ ಇದರ ಕಾಟ ಹೆಚ್ಚು. ಗೆಳೆಯನ ಇದೇ ಮಾಡೆಲ್ಲಿನ ಚಿಕ್ಕ ಸೈಜಿನಲ್ಲಿ ನಡುಕದ ಸುಳಿವೇ ಇಲ್ಲ.

ಸಾಧಾರಣ ಎತ್ತರದವರು ಕಣ್ಣು ಮುಚ್ಚಿ ಕೊಳ್ಳಬಹುದು. ಆರಡಿ ಇರುವವರು ಅಂಗಡಿ ಮುಂದಿನ ಸಮತಟ್ಟು ರಸ್ತೆಯಲ್ಲಿ ಓಡಿಸಿ ಒಪ್ಪಿಕೊಳ್ಳಬೇಡಿ. ನೀವು ಒಯ್ಯುವ ಸಾಮಾನು ಹೊರಿಸಿ ಒಂದು ಇಳಿಜಾರಿನಲ್ಲಿ ಇಳಿಸಿ ನೋಡಿ. ದೊಡ್ಡ ಸೈಜಿಗೆ ಕಂಪನಿಯವರು ದಪ್ಪ ಪೈಪ್ ಹಾಕಲೇಬೇಕು. ಅಲ್ಲಿಯವರೆಗೆ ನನ್ನಿಂದ 5ಕ್ಕೆ 4.