ಬಾಯಿ–ಗಂಟಲಿನ ರೇಡಿಯೇಶನ್: ಮೊಬೈಲಿಗೆ ಬರುವ ಆರೈಕೆ ವಿಡಿಯೋಗಳು ಹೇಗಿವೆ?

ಕಾರವಾರ, ಕುಮಟಾ, ಶಿರಸಿ ಕಡೆಯ ಬಹಳ ಜನ ಬಾಯಿ–ಗಂಟಲಿನ ಕ್ಯಾನ್ಸರಿಗೆ ಕರೆಂಟ್, ಅಂದರೆ ರೇಡಿಯೇಶನ್, ಕೊಡಿಸಲು ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾಕ್ಕೆ ಹೋಗುತ್ತಾರೆ. ವಾರಕ್ಕೆ ಐದು ದಿನ, ಆರೇಳು ವಾರ. ಯಂತ್ರದಡಿ ಮಲಗುವುದು ಕೆಲವೇ ನಿಮಿಷ, ಮಿಕ್ಕ ಹೊತ್ತಿನ ಆರೈಕೆಯೆಲ್ಲ ಮನೆಯವರದ್ದು. ಅದಕ್ಕೆಂದೇ ಚಿಕಿತ್ಸಾ ಕೇಂದ್ರವೊಂದು ವಾಟ್ಸಾಪಿಗೆ ಕಳಿಸುವ ಕನ್ನಡ ವಿಡಿಯೋ, ಆಡಿಯೋಗಳ ಕಟ್ಟು ಇದು.

ಬಾಯಿ ಮುಕ್ಕಳಿಸುವ ವಿಡಿಯೋ ಎಲ್ಲಕ್ಕಿಂತ ಚೆನ್ನಾಗಿದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಚಮಚ ತುಂಬಿ ತುಳುಕಬಾರದು, ಮಟ್ಟವಾಗಿರಬೇಕು ಎಂದು ಕೈಯಲ್ಲೇ ಮಾಡಿ ತೋರಿಸುತ್ತಾರೆ. ಉಪ್ಪು ಹೆಚ್ಚಾದರೆ ಹುಣ್ಣು ಉರಿದು, ರೋಗಿ ಮುಕ್ಕಳಿಸುವುದನ್ನೇ ಬಿಟ್ಟುಬಿಡುತ್ತಾರೆ. ಪ್ರತಿ ಊಟದ ನಂತರ, ಮಲಗುವ ಮುಂಚೆ, ದಿನಕ್ಕೆ 4ರಿಂದ 6 ಸಲ. ನೀರು ದಿನವೂ ಹೊಸದು. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡವೆಂದೂ ಇದೆ. ಸೋಡಾ ಬದಲು ಬೇಕಿಂಗ್ ಪೌಡರ್ ತರುವವರಿದ್ದಾರೆ, ಆ ಎಚ್ಚರಿಕೆಯೊಂದು ಬಿಟ್ಟುಹೋಗಿದೆ.

ಚರ್ಮದ ಭಾಗ ತೀರಾ ಅವಸರದ್ದು. ಉಗುರುಬೆಚ್ಚಗಿನ ನೀರು, ಉಜ್ಜದೆ ಒತ್ತಿ ಒರೆಸುವುದು, ಬ್ಲೇಡು ತಾಗಿಸದಿರುವುದು ಸರಿ. ಆದರೆ ನಮ್ಮಲ್ಲಿ ಕುತ್ತಿಗೆ ಕೆಂಪಾದ ಕೂಡಲೇ ಕೈ ಹೋಗುವುದು ಅರಿಶಿನ, ಕೊಬ್ಬರಿ ಎಣ್ಣೆಯ ಕಡೆಗೆ. ಕೇಂದ್ರದವರನ್ನು ಕೇಳದೆ ಏನನ್ನೂ ಹಚ್ಚಬಾರದೆಂದು ಅವುಗಳ ಹೆಸರು ಹಿಡಿದೇ ಹೇಳಬೇಕಿತ್ತು. ಕರಾವಳಿಯ ಬೆವರಿಗೆ ಕಾಲರ್ ಇಲ್ಲದ ಸಡಿಲ ಹತ್ತಿ ಅಂಗಿಯೇ ಆಗಬೇಕು.

ಊಟದ ವಿಡಿಯೋದಲ್ಲಿ ಸೂಪು, ಓಟ್ಸ್. ನಮ್ಮ ಅಡುಗೆಮನೆಯಲ್ಲಿ ಇದಕ್ಕಿಂತ ಒಳ್ಳೆಯದಿದೆ: ತುಪ್ಪ ಹಾಕಿದ ಮೆತ್ತನೆಯ ಗಂಜಿ, ಕಾಳುಮೆಣಸು ಹಾಕದೆ ಹುಳಿಯಿಲ್ಲದ ಮಜ್ಜಿಗೆಯಲ್ಲಿ ಕಲಸಿದ ಒಂದೆಲಗದ ತಂಬುಳಿ, ಮುಳ್ಳು ತೆಗೆದು ಹಿಚುಕಿದ ಸಪ್ಪೆ ಮೀನು. ಅಪ್ಪೆಹುಳಿ, ಕೋಕಂ ಎರಡೂ ಹುಣ್ಣಿಗೆ ಬೆಂಕಿ. ತೂಕ ಇಳಿದರೆ, ಯಂತ್ರದಡಿ ತಲೆ ಅಲುಗದಂತೆ ಮುಖಕ್ಕೆ ಹಾಕುವ ಮಾಸ್ಕ್ ಸಡಿಲವಾಗಿ ಕಿರಣದ ಗುರಿ ತಪ್ಪಬಹುದು, ಕೆಲವೊಮ್ಮೆ ಹೊಸದಾಗಿ ಅಳತೆ ತೆಗೆಯಬೇಕಾಗುತ್ತದೆ. ವಾರಕ್ಕೊಮ್ಮೆ ತೂಕ ನೋಡಬೇಕಾದ ಈ ಕಾರಣವನ್ನು ವಿಡಿಯೋ ಬಿಡಿಸಿ ಹೇಳಿದೆ, ಮೆಚ್ಚಬೇಕು.

ದೊಡ್ಡ ಕೊರತೆ ಕಳಿಸುವ ಹೊತ್ತಿನದು. ಎಲ್ಲವೂ ಮೊದಲ ದಿನವೇ ಬಂದು ಬೀಳುತ್ತವೆ. ಬಾಯಿಹುಣ್ಣು ಸಾಮಾನ್ಯವಾಗಿ ಎರಡು–ಮೂರನೇ ವಾರಕ್ಕೆ ಶುರುವಾಗುವಾಗ ವಿಡಿಯೋ ಹಳೇ ಮೆಸೇಜುಗಳಡಿ ಹೂತಿರುತ್ತದೆ. ಚರ್ಮದ ಉರಿ ಚಿಕಿತ್ಸೆ ಮುಗಿದ ಮೇಲೂ ಒಂದೆರಡು ವಾರ ಏರಬಹುದು. ಆಗ ಇವರಿಂದ ಒಂದು ಮೆಸೇಜೂ ಇಲ್ಲ. ಜ್ವರ 100.4 ಡಿಗ್ರಿ ದಾಟಿದರೆ, ನೀರೂ ನುಂಗಲಾಗದಿದ್ದರೆ, ರಕ್ತ ಬಂದರೆ ಕೂಡಲೇ ಫೋನ್ ಮಾಡಿ ಎಂಬ ಮಾತು ಉದ್ದದ ವಿಡಿಯೋದ ತುದಿಯಲ್ಲಿದೆ. ಅದು ಒಂದು ನಿಮಿಷದ ಬೇರೆ ಆಡಿಯೋ ಆಗಬೇಕು, ಕೊಂಕಣಿಯಲ್ಲೂ ಬೇಕು.

ಬಳಸುವವರು ಕೇಂದ್ರದ ವೈಫೈಯಲ್ಲೇ ಎಲ್ಲವನ್ನೂ ಇಳಿಸಿಕೊಳ್ಳಿ. ಘಟ್ಟದ ಮೇಲಿನ ಎಷ್ಟೋ ಊರುಗಳಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಮುಕ್ಕಳಿಸುವ ವಿಡಿಯೋ, ತುದಿಯಲ್ಲಿ ಅಪಾಯದ ಲಕ್ಷಣ ಹೇಳುವ ಆ ಉದ್ದದ ವಿಡಿಯೋ ಎರಡಕ್ಕೂ ಸ್ಟಾರ್ ಹಾಕಿಡಿ. ಫೋನ್ ಮಗನ ಜೇಬಿನಲ್ಲಿದ್ದರೆ ಕೇಂದ್ರದ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ರೋಗಿಯ ಹಾಸಿಗೆ ಪಕ್ಕ ಅಂಟಿಸಿ.