ಆಸ್ಕರ್‌ಗೆ ಮುಂಚೆ ನೋಡಿ ಮುಗಿಸಬೇಕಾ? ಚಿತ್ರೋತ್ಸವ, ಥಿಯೇಟರ್, ಒಟಿಟಿ, ಬಾಡಿಗೆ: ನಾಲ್ಕೂ ನೋಡಿದ ಮೇಲೆ

2025ರ ಆಸ್ಕರ್ ನಾಮಿನೇಷನ್ ಪಟ್ಟಿ ಬಂದಿದ್ದು ಜನವರಿ 23ಕ್ಕೆ. ಲಾಸ್ ಏಂಜಲಿಸ್‌ನ ಕಾಡ್ಗಿಚ್ಚಿನಿಂದಾಗಿ ಅದೂ ತಡವಾಗಿತ್ತು. ಸಮಾರಂಭ ಮಾತ್ರ ಮಾರ್ಚ್ 2ಕ್ಕೇ. ನಮಗೆ ಅದು ಮಾರ್ಚ್ 3ರ ಸೋಮವಾರ, ಬೆಳಗಿನ ಜಾವ ಐದೂವರೆ. ಅತ್ಯುತ್ತಮ ಚಿತ್ರದ ವಿಭಾಗವೊಂದರಲ್ಲೇ ಹತ್ತು ಸಿನಿಮಾ, ಕೂಡಿಸಿದರೆ ಹೆಚ್ಚುಕಮ್ಮಿ 25 ಗಂಟೆ. ಕೆಲಸ, ಮನೆ ಎಲ್ಲದರ ನಡುವೆ ಇಷ್ಟನ್ನು ನೋಡೋಕೆ ನಾನು ನಾಲ್ಕು ದಾರಿ ಹಿಡಿದೆ. ಕದ್ದ ಪ್ರಿಂಟ್‌ಗಳ ಮಾತು ಇಲ್ಲಿಲ್ಲ. ಅದು ನನಗೆ ಬೇಡ.

ಎಲ್ಲಕ್ಕಿಂತ ಒಳ್ಳೆಯ ಅನುಭವ ಕೊಟ್ಟಿದ್ದು ಚಿತ್ರೋತ್ಸವ. ಅದು ನಾಮಿನೇಷನ್‌ಗೂ ಮುಂಚೆಯೇ ಮುಗಿದಿತ್ತು ಅನ್ನೋದೇ ಅದರ ತೊಡಕು. 2024ರ ಡಿಸೆಂಬರ್‌ನಲ್ಲಿ ತಿರುವನಂತಪುರದ ಐಎಫ್‌ಎಫ್‌ಕೆ, ಅಂದರೆ ಕೇರಳದ ಅಂತರರಾಷ್ಟ್ರೀಯ ಚಿತ್ರೋತ್ಸವ, ಶುರುವಾಗಿದ್ದು ಬ್ರೆಜಿಲ್‌ನ 'ಐ ಆಮ್ ಸ್ಟಿಲ್ ಹಿಯರ್' ಚಿತ್ರದಿಂದ. ನಿಶಾಗಂಧಿ ಬಯಲು ರಂಗಮಂದಿರದಲ್ಲಿ ಅಷ್ಟೊಂದು ಜನರ ನಡುವೆ ಕೂತು ನೋಡಿದೆ. 1971ರಲ್ಲಿ ಮಿಲಿಟರಿ ಸರ್ಕಾರದವರು ರೂಬೆನ್ಸ್ ಪೈವಾ ಎಂಬ ಮಾಜಿ ಸಂಸದನನ್ನು ಮನೆಯಿಂದ ಕರೆದುಕೊಂಡು ಹೋಗುತ್ತಾರೆ. ಆತ ವಾಪಸ್ ಬರುವುದೇ ಇಲ್ಲ. ಪತ್ರಿಕೆಯವರು ಫೋಟೊ ತೆಗೆಯಲು ಬಂದಾಗ ಮನೆಯವರೆಲ್ಲ ಸ್ವಲ್ಪ ದುಃಖದ ಮುಖ ಮಾಡಲಿ ಅಂತ ಬಯಸುತ್ತಾರೆ. ಹೆಂಡತಿ ಯೂನಿಸ್ ಮಕ್ಕಳಿಗೆ ನಗಿ ಅನ್ನುತ್ತಾಳೆ. ಎಲ್ಲರೂ ನಗುತ್ತಾರೆ. ತುರ್ತು ಪರಿಸ್ಥಿತಿಯಲ್ಲಿ ಪೊಲೀಸರು ಹಿಡಿದುಕೊಂಡು ಹೋದ ಇಂಜಿನಿಯರಿಂಗ್ ವಿದ್ಯಾರ್ಥಿ ರಾಜನ್‌ಗಾಗಿ ಅವನ ಅಪ್ಪ ಅಲೆದಾಡಿದ ನಾಡು ಕೇರಳ. ಅಲ್ಲಿ ಕೂತು ಆ ದೃಶ್ಯ ನೋಡೋದೇ ಬೇರೆ. ಈ ಚಿತ್ರಕ್ಕೆ ಅತ್ಯುತ್ತಮ ಅಂತರರಾಷ್ಟ್ರೀಯ ಚಿತ್ರ ಪ್ರಶಸ್ತಿ ಬಂದಾಗ ನನ್ನ ಮನೆಯವರಿಗೇ ಬಂದಷ್ಟು ಖುಷಿಯಾಯಿತು.

ಆದರೆ ಉತ್ಸವಕ್ಕೆ ರಜೆ ಬೇಕು, ರೈಲು ಟಿಕೆಟ್ ಬೇಕು, ಕ್ಯೂನಲ್ಲಿ ನಿಲ್ಲೋ ತಾಳ್ಮೆ ಬೇಕು. ನಮ್ಮ ಬೆಂಗಳೂರಿನ ಚಿತ್ರೋತ್ಸವ ಶುರುವಾಗಿದ್ದು ಮಾರ್ಚ್ 1ಕ್ಕೆ. ಸಿನಿಮಾ ಪ್ರೀತಿಸೋರು ಅದನ್ನು ತಪ್ಪಿಸಿಕೊಳ್ಳಬಾರದು, ಆದರೆ ಆಸ್ಕರ್ ತಯಾರಿಗೆ ಅದು ಒದಗಲಿಲ್ಲ.

ಥಿಯೇಟರ್ ವಿಷಯಕ್ಕೆ ಬಂದರೆ, ಇಲ್ಲಿಗೆ ಚಿತ್ರಗಳು ಬರೋದೇ ಕೊನೇ ಗಳಿಗೆಗೆ. ಹೊಸ ಪೋಪ್ ಆಯ್ಕೆಯ ಕಥೆ 'ಕಾನ್‌ಕ್ಲೇವ್' ಫೆಬ್ರವರಿಯಲ್ಲಿ ಬಂತು. 'ದಿ ಬ್ರೂಟಲಿಸ್ಟ್' ಬಂದಿದ್ದು ಫೆಬ್ರವರಿ 28ಕ್ಕೆ, ಅಂದರೆ ಸಮಾರಂಭಕ್ಕೆ ಒಂದು ವಾರಾಂತ್ಯ ಇರುವಾಗ. ಮೂರೂವರೆ ಗಂಟೆಯ ಸಿನಿಮಾ ಅಂತ ಹೆದರಬೇಡಿ. ಅದರೊಳಗೇ ನಿರ್ದೇಶಕರು 15 ನಿಮಿಷದ ಮಧ್ಯಂತರ ಇಟ್ಟಿದ್ದಾರೆ. ಪರದೆಯ ಮೇಲೆ ಒಂದು ಹಳೆಯ ಮದುವೆ ಫೋಟೊ, ಜೊತೆಗೆ ಇಳಿಯುತ್ತಾ ಹೋಗುವ ಗಡಿಯಾರ. ಎದ್ದು ಹೋದವರು ಕಾಫಿ ಕುಡಿದು ಬರುತ್ತಾರೆ, ಕೂತವರು ಆ ಫೋಟೊದ ಮುಖಗಳನ್ನು ನೋಡುತ್ತಾ ಕೂರುತ್ತಾರೆ. ಅದೂ ಕಥೆಯ ಭಾಗವೇ.

'ಕಾನ್‌ಕ್ಲೇವ್'ಗೆ ಅಂಥ ಅದೃಷ್ಟ ಇರಲಿಲ್ಲ. ಎರಡು ಗಂಟೆಯ ಚಿತ್ರ, ಮಧ್ಯಂತರ ಬೇಕಾಗಿಯೇ ಇಲ್ಲ. ನಾನು ಹೋದ ಮಲ್ಟಿಪ್ಲೆಕ್ಸ್‌ನಲ್ಲಿ ಒಬ್ಬ ಕಾರ್ಡಿನಲ್ ಮಾತಾಡುತ್ತಿರುವಾಗಲೇ ಪಟ್ ಅಂತ ನಿಲ್ಲಿಸಿ ಪಾಪ್‌ಕಾರ್ನ್ ಜಾಹೀರಾತು ಹಾಕಿದರು. ಹೆಜ್ಜೆ ಸದ್ದು, ಉಸಿರಾಟ, ಬಾಗಿಲಿಗೆ ಮುದ್ರೆ ಒತ್ತುವ ಸದ್ದು, ಇವುಗಳಿಂದಲೇ ಬಿಗಿ ಕಟ್ಟಿಕೊಳ್ಳುವ ಸಿನಿಮಾ ಅದು. ಆ ಬಿಗಿ ಅಲ್ಲೇ ಸಡಿಲವಾಯಿತು. ಸೆನ್ಸಾರ್ ಕತ್ತರಿ ಬೇರೆ ಇದೆ. 2023ರಲ್ಲಿ 'ಆಪನ್‌ಹೈಮರ್' ಇಲ್ಲಿಗೆ ಬಂದಾಗ ನಟಿಯ ಮೈಮೇಲೆ ಕಂಪ್ಯೂಟರ್‌ನಲ್ಲಿ ಕಪ್ಪು ಬಟ್ಟೆ ಬರೆದಿದ್ದರು, ನೆನಪಿದೆ ಅಲ್ವಾ?

ಒಟಿಟಿ ಸುಲಭ, ಅಗ್ಗ. ಮುಬಿ ಅನ್ನೋ ಒಟಿಟಿಯಲ್ಲಿ 'ದಿ ಸಬ್‌ಸ್ಟೆನ್ಸ್' ಅಕ್ಟೋಬರ್‌ನಿಂದಲೇ ಇತ್ತು. ಅದನ್ನು ಹಾಲ್‌ನ ಟಿವಿಯಲ್ಲಿ ಅತ್ತೆ ಮಾವನ ಎದುರು ಹಾಕೋ ಹಾಗಿಲ್ಲ. ಹಾಗಾಗಿ ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಟ್ಯಾಬ್‌ನಲ್ಲಿ ನೋಡಿದೆ, ಅದೇ ಒಳ್ಳೆಯದಾಯಿತು. ನಟ ಡೆನಿಸ್ ಕ್ವೇಡ್‌ನ ಪಾತ್ರ ಸೀಗಡಿ ತಿನ್ನುವ ದೃಶ್ಯ ಇದೆ. ಅಗಿಯೋ ಸದ್ದು, ಬೆರಳು ಚೀಪೋ ಸದ್ದು ಕಿವಿಯೊಳಗೇ ಬಂದ ಹಾಗಿರುತ್ತದೆ. ಆ ಮನುಷ್ಯ ಎಂಥವನು ಅಂತ ಬೇರೆ ಹೇಳಬೇಕಾಗಿಲ್ಲ.

ಆದರೆ ಚಂದಾ ಕಟ್ಟಿದ ಸಿನಿಮಾ ಎಲ್ಲಿ ಹೋಗುತ್ತೆ ಅನ್ನೋ ಧೈರ್ಯ ನಮ್ಮದು. ಅರ್ಧ ಗಂಟೆ ನೋಡ್ತೀವಿ, ಫೋನ್ ಬರುತ್ತೆ, ನಾಳೆ ನೋಡೋಣ ಅಂತೀವಿ. ಆ ನಾಳೆ ಬರೋದು ಪ್ರಶಸ್ತಿ ಘೋಷಣೆ ಆದ ಮೇಲೆ.

ಬಾಡಿಗೆ ಇದಕ್ಕೆ ಮದ್ದು. ಪ್ರೈಮ್ ವಿಡಿಯೋದಲ್ಲೋ ಆಪಲ್ ಟಿವಿಯಲ್ಲೋ ದುಡ್ಡು ಕೊಟ್ಟರೆ ಶುರು ಮಾಡೋಕೆ 30 ದಿನ, ಶುರು ಮಾಡಿದ ಮೇಲೆ ಮುಗಿಸೋಕೆ 48 ಗಂಟೆ. ದುಡ್ಡು ಕೊಟ್ಟಿದ್ದೀವಿ, ಗಡುವೂ ಇದೆ, ಹಾಗಾಗಿ ಕೂತು ನೋಡ್ತೀವಿ. 'ಅನೋರಾ'ವನ್ನು ಹೀಗೇ ಒಂದೇ ಪಟ್ಟಿಗೆ ನೋಡಿದೆ. ಕೊನೆಯಲ್ಲಿ ಹಿಮ ಬೀಳುತ್ತಿರುವಾಗ ಕಾರಿನೊಳಗಿನ ದೃಶ್ಯ. ಪರದೆ ಕಪ್ಪಾಗಿ ಹೆಸರುಗಳು ಬರುವಾಗ ಸಂಗೀತ ಇಲ್ಲ, ವೈಪರ್ ಸದ್ದು ಮಾತ್ರ. ದಯವಿಟ್ಟು ಅದನ್ನು ಪೂರ್ತಿ ಕೇಳಿ. ಒಟಿಟಿಯಲ್ಲಾದರೆ 'ಮುಂದಿನದು' ಅಂತ ಬಂದು ಹೆಸರುಗಳು ಮೂಲೆಗೆ ಸೇರಿಬಿಡುತ್ತವೆ. ಸೆಟ್ಟಿಂಗ್‌ನಲ್ಲಿ ಆಟೋಪ್ಲೇ ಆಫ್ ಮಾಡಿಟ್ಟುಕೊಳ್ಳಿ. ಈ ಚಿತ್ರಕ್ಕೆ ಐದು ಪ್ರಶಸ್ತಿ ಬಂತು, ಅದರಲ್ಲಿ ನಾಲ್ಕು ನಿರ್ದೇಶಕ ಶಾನ್ ಬೇಕರ್ ಒಬ್ಬರಿಗೇ.

ಹೀಗಾಗಿ ನನ್ನ ತೀರ್ಮಾನ: ದುಡಿಯೋರಿಗೆ ಬಾಡಿಗೆಯೇ ಮೊದಲ ದಾರಿ. ಥಿಯೇಟರ್ ದುಡ್ಡನ್ನು 'ಬ್ರೂಟಲಿಸ್ಟ್', 'ಡ್ಯೂನ್' ಥರದ ದೊಡ್ಡ ಪರದೆಯ ಚಿತ್ರಕ್ಕೆ ಉಳಿಸಿಕೊಳ್ಳಿ. ಯಾವುದನ್ನು ಮೊದಲು ನೋಡಬೇಕು ಅನ್ನೋದನ್ನು ನಾಮಿನೇಷನ್ ಲೆಕ್ಕ ನೋಡಿ ತೀರ್ಮಾನಿಸಬೇಡಿ. 13 ನಾಮಿನೇಷನ್ ಪಡೆದ 'ಎಮಿಲಿಯಾ ಪೆರೆಜ್'ಗೆ ಬಂದಿದ್ದು ಎರಡು ಪ್ರಶಸ್ತಿ. ಒಂದೂವರೆ ಪಟ್ಟು ವೇಗದಲ್ಲಂತೂ ಏನನ್ನೂ ನೋಡಬೇಡಿ, ಹಾಗೆ ನೋಡೋದಕ್ಕಿಂತ ಎರಡು ಸಿನಿಮಾ ಬಿಟ್ಟರೂ ಪರವಾಗಿಲ್ಲ. ಮತ ಹಾಕೋ ಅಕಾಡೆಮಿ ಸದಸ್ಯರೇ ಆ ವಿಭಾಗದ ಎಲ್ಲ ಚಿತ್ರಗಳನ್ನೂ ನೋಡಿರಬೇಕು ಅನ್ನೋ ನಿಯಮ ಬಂದಿದ್ದು 2025ರ ಏಪ್ರಿಲ್‌ನಲ್ಲಿ, ಅಂದರೆ ಈ ಸಮಾರಂಭ ಮುಗಿದ ಮೇಲೆ.

ಕಿರುಚಿತ್ರಕ್ಕೆ ಮಾತ್ರ ಒಟಿಟಿಯೇ ಸರಿ. ದೆಹಲಿಯ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹುಡುಗಿಯ ಕಥೆ 'ಅನುಜಾ' ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು, ರಾತ್ರಿ ಊಟ ಆದ ಮೇಲೆ ಮನೆಯವರೆಲ್ಲ ಕೂತು ನೋಡಿದೆವು. ಅದೇ ವರ್ಷ ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರವೂ ಆಸ್ಕರ್ ಸ್ಪರ್ಧೆಗೆ ಅರ್ಹತೆ ಪಡೆದಿತ್ತು. 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಸಿನಿಮಾ ವಿದ್ಯಾರ್ಥಿಗಳಿಗಾಗಿ ಇರುವ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದ ಚಿತ್ರ ಅದು. ನಾಮಿನೇಷನ್‌ವರೆಗೆ ಹೋಗಲಿಲ್ಲ. ಕಿರುಚಿತ್ರದ ವಿಭಾಗವನ್ನು ಕೊನೆಗೆ ತಳ್ಳುತ್ತಿದ್ದ ನಾನು ಈಗ ಅಲ್ಲಿಂದಲೇ ಶುರು ಮಾಡುತ್ತೇನೆ.